ಅಯ್ಯನಿಳಿದ ಕೆರೆ

ನಂದ್ಯಪದವಿನ ಲುಥೆರನ್ ದೇವಾಲಯದ ಹಿಂದೆ, ಹಳೆಯ ಹೆಂಚಿನ ಕಾರ್ಖಾನೆಯ ಹೊಗೆಗೂಡಿನ ಬುಡದಲ್ಲಿ ಒಂದು ಕೆರೆಯಿದೆ. ಅದರ ಹೆಸರು ಅಯ್ಯನಿಳಿದ ಕೆರೆ. ಹೊಸಬರು ಹೆಸರು ಕೇಳಿದೊಡನೆ ಮುಖ ಸಪ್ಪಗೆ ಮಾಡಿಕೊಂಡು, ಯಾವ ಪಾದ್ರಿ ಮುಳುಗಿ ಸತ್ತರು ಎಂದು ವಿಚಾರಿಸುತ್ತಾರೆ. ಯಾರೂ ಮುಳುಗಲಿಲ್ಲ. ಆಗ ಇಲ್ಲಿ ಮುಳುಗಲು ನೀರೇ ಇರಲಿಲ್ಲ. ಹೆಂಚಿಗಾಗಿ ಆವೆಮಣ್ಣು ತೆಗೆದ ಆಳದ ಕೆಸರುಗುಂಡಿಯಿತ್ತು, ಅಷ್ಟೆ.

ಹಿಂದೆ ಆ ಗುಂಡಿಯಲ್ಲಿ ಮಣ್ಣು ಅಗೆಯುತ್ತಿದ್ದವನು ಯೋಬ. ಕ್ರೈಸ್ತನಾದ ದಿನವೇ ಅಣ್ಣತಮ್ಮಂದಿರು ಬಾಗಿಲು ಮುಚ್ಚಿದ್ದರಿಂದ ಅವನಿಗೆ ದೇವಾಲಯದ ಸಭೆಯೇ ಮನೆ, ಸಭೆಯೇ ನೆಂಟರು. ಆ ಸಭೆಯೋ ಜಡಗಟ್ಟಿತ್ತು. ಪಾದ್ರಿ ಸತ್ಯವಂತ ಅಯ್ಯನವರು ಏಳು ಮೆಟ್ಟಿಲಿನ ಬೋಧನೆಯ ಪೀಠವೇರಿ ಬರೆದು ತಂದದ್ದನ್ನು ಓದುವರು, ಜನ ಆಕಳಿಸುವರು. ಯೋಬ ಬಿಡುವಿನಲ್ಲಿ ದೇವರ ವಿಷಯ ನಾಲ್ಕು ಮಾತು ಆಡತೊಡಗಿದ, ಜನ ಕಿವಿಗೊಟ್ಟರು. ಪಾದ್ರಿದೀಕ್ಷೆಯಿಲ್ಲದವನು ಜನರಿಗಿಂತ ಮೇಲೆ ನಿಂತು ಬೋಧಿಸಬಾರದೆಂದು ಅಯ್ಯನವರು ಕಟ್ಟಪ್ಪಣೆ ಮಾಡಿದರು. ಯೋಬ ಗುಂಡಿಯ ತಳದಲ್ಲಿ ನಿಂತು ಬೋಧಿಸಿದ. ಜನ ಅಂಚಿನಲ್ಲಿ ಕುಳಿತು ಕೇಳಿದರು. ಮನಸ್ಸು ಕರಗಿದವರು ಕೆಳಗಿಳಿದು, ಅವನ ಪಕ್ಕದಲ್ಲಿ ನಿಂತು ತಮ್ಮ ತಪ್ಪನ್ನು ಬಾಯಿಬಿಟ್ಟು ಹೇಳುವುದು ರೂಢಿಯಾಯಿತು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ವಾರಗಿತ್ತಿಯರು ಅಲ್ಲಿ ಒಂದಾದರು ಎನ್ನುತ್ತಾರೆ.

ಒಂದು ಭಾನುವಾರ ಮಧ್ಯಾಹ್ನ ಅಯ್ಯನವರು ಕಾಗದ ಹಿಡಿದು ಗುಂಡಿಯ ಅಂಚಿಗೆ ಬಂದರು. ಯೋಬನನ್ನು ಸಭೆಯಿಂದ ಹೊರಹಾಕುವ ಕಾಗದ. ಅದನ್ನು ಓದಿಬಿಟ್ಟರೆ ಅವನಿಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವಿಲ್ಲ, ಸತ್ತರೆ ಮಣ್ಣು ಹಾಕುವವರಿಲ್ಲ.

"ಮೇಲೆ ನಿಂತು ಮಾತಾಡಬಾರದು ಅಂತ ನೀವೇ ಹೇಳಿದ್ದಲ್ವಾ ಅಯ್ಯನವರೇ? ನಾನು ಕೆಳಗೇ ನಿಂತದ್ದು," ಎಂದ ಯೋಬ.

ಅಯ್ಯನವರು ಕಾಗದ ಬಿಡಿಸಿದರು. ಓದದೆ ಮತ್ತೆ ಮಡಚಿದರು. ಆಮೇಲೆ ಕರಿಯ ನಿಲುವಂಗಿಯನ್ನು ಎತ್ತಿ ಹಿಡಿದು ಕೆಳಗಿಳಿಯತೊಡಗಿದರು. ಯೋಬನನ್ನು ಎಳೆದು ತರಲು ಹೊರಟರೆಂದೇ ತಿಳಿದು ಗಂಡಸರು ಎದ್ದು ನಿಂತರು. ಅಯ್ಯನವರು ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತು, ಯೋಬನ ಪಕ್ಕದಲ್ಲಿ ನಿಂತು, ಮೇಲಕ್ಕೆ ನೋಡಿದರು.

"ಇವನ ಬೋಧನೆ ತಪ್ಪು ಅಂತ ನಾನಿದು ಬರೆದದ್ದಲ್ಲ. ಇವನ ಮಾತಿಗೆ ನೀವು ಅಳ್ತೀರಿ, ನನ್ನದಕ್ಕೆ ಆಕಳಿಸ್ತೀರಿ. ಹೊಟ್ಟೆಕಿಚ್ಚಿಗೆ ಬರೆದದ್ದು."

ಕೆಸರಿನಿಂದ ಅವರ ಕಾಲು ಬಿಡಿಸಲು ಯೋಬನೇ ಹೆಗಲು ಕೊಡಬೇಕಾಯಿತು. ಕಾಗದ ಅಲ್ಲೇ ಹೂತುಹೋಯಿತು. ಮುಂದಿನ ಭಾನುವಾರದಿಂದ ದೇವಾಲಯದಲ್ಲಿ ಇಬ್ಬರೂ ಸರದಿಯಂತೆ ಬೋಧಿಸಿದರು.

ಬರಬರುತ್ತಾ ಗುಂಡಿಗೆ ನೀರು ತುಂಬಿ ಕೆರೆಯಾಯಿತು. ಈಗಲೂ ದೇವಾಲಯಕ್ಕೆ ಬಂದವರು ಪೀಠ ಬರಿಯ ನೆಲದ ಮೇಲಿರುವುದನ್ನು ಕಂಡು, ಕಟ್ಟುವಾಗ ಕಲ್ಲು ಸಾಲದೆ ಹೋಯಿತೇ ಎಂದು ನಗುತ್ತಾರೆ. ನಾವು ಅವರನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ಕೆರೆ ತೋರಿಸುತ್ತೇವೆ. ಅಯ್ಯನವರೇ ಪೀಠದಿಂದ ಕೀಳಿಸಿದ ಏಳು ಮೆಟ್ಟಿಲುಗಳು ಅಲ್ಲಿ ನೀರಿಗೆ ಇಳಿಯುತ್ತವೆ.