ಮುಟ್ಟದೆ ಬಿಟ್ಟ ಫೈಲು

“ಗುರುಗಳೇ, ಒಂದು ಸಾಫ್ಟ್‌ವೇರಿನ ತಿದ್ದುಪಡಿಗಳ ಇತಿಹಾಸ ಓದಿ, ಅದರ ಕೋಡು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಬಹುದೇ?”

ಹೀಗೆ ಕೇಳಿದವಳು ಇಂದುಮತಿ. ಪ್ರೋಗ್ರಾಮ್ ಬರೆಯುವುದನ್ನು ರುದ್ರಯ್ಯ ಮೇಷ್ಟ್ರ ಬಳಿಯೇ ಕಲಿತವಳು. ಈಗ ಒಂದು ಕಂಪನಿಯವರು ತಮ್ಮ ಕೋಡನ್ನು ಪರೀಕ್ಷಿಸಿ ವರದಿ ಕೊಡುವ ಕೆಲಸವನ್ನು ಅವಳಿಗೆ ವಹಿಸಿದ್ದರು. ಆ ಕೋಡಿನಲ್ಲಿ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದೆಲ್ಲ ಕಂಪ್ಯೂಟರಿನಲ್ಲಿ ಉಳಿದಿತ್ತು. ಅವಳು ಅದನ್ನು ತೆಗೆದು ಲೆಕ್ಕ ಹಾಕಿದ್ದಳು. ಒಂದು ಫೈಲನ್ನು ಮತ್ತೆ ಮತ್ತೆ ತಿದ್ದಿದ್ದರು. ಹೆಚ್ಚಿನ ತಿದ್ದುಪಡಿಗಳ ಪಕ್ಕದಲ್ಲಿ ಒಬ್ಬನದೇ ಹೆಸರಿತ್ತು. ವರದಿ ಬರೆದು ಮೇಷ್ಟ್ರಿಗೂ ತೋರಿಸಿದ್ದಳು, ಕಂಪನಿಗೆ ಒಪ್ಪಿಸುವುದಷ್ಟೇ ಬಾಕಿ.

ಮೇಷ್ಟ್ರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಆಂಬುಲೆನ್ಸುಗಳ ಕಂಟ್ರೋಲ್ ರೂಮ್ ಇತ್ತು. ಜನ ಫೋನ್ ಮಾಡಿದಾಗ ಯಾವ ಗಾಡಿಯನ್ನು ಯಾವ ದಾರಿಯಲ್ಲಿ ಕಳುಹಿಸಬೇಕೆಂದು ಅಲ್ಲಿನ ಸಾಫ್ಟ್‌ವೇರ್ ಹೇಳುತ್ತಿತ್ತು. ಅದನ್ನು ಬರೆದು ನೋಡಿಕೊಳ್ಳುತ್ತಿದ್ದುದು ಒಂದು ಸಣ್ಣ ತಂಡ. ತಂಡದಲ್ಲಿ ಫರ್ಜಾನಾ ಎಂಬ ಎಂಜಿನಿಯರ್ ಇದ್ದಳು. ದಾರಿ ಆರಿಸುವ ಫೈಲು ಅವಳ ಪಾಲಿಗೆ ಬಂದಿತ್ತು.

ಕಂಟ್ರೋಲ್ ರೂಮಿನವರು ನೇರವಾಗಿ ಅವಳಿಗೇ ಫೋನ್ ಮಾಡುತ್ತಿದ್ದರು. ಪೈಪ್ ಹಾಕಲು ಇಂಥ ರಸ್ತೆ ಅಗೆದಿದ್ದಾರೆ ಎನ್ನುತ್ತಿದ್ದರು. ಸಂತೆಯ ದಿನ ಇಂಥ ಬೀದಿಯಲ್ಲಿ ಗಾಡಿ ಹೋಗುವುದಿಲ್ಲ ಎನ್ನುತ್ತಿದ್ದರು. ಅವಳು ಅಂದೇ ಫೈಲು ತೆರೆದು ತಿದ್ದುತ್ತಿದ್ದಳು. ಅವಸರದಲ್ಲಿ ಒಮ್ಮೊಮ್ಮೆ ತಪ್ಪಾಗುತ್ತಿತ್ತು. ಮರುದಿನ ಅದನ್ನೂ ಸರಿಮಾಡುತ್ತಿದ್ದಳು. ಪ್ರತಿ ತಿದ್ದುಪಡಿಯ ಜೊತೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಬೇಕಿತ್ತು. ಅಷ್ಟು ವ್ಯವಧಾನ ಇಲ್ಲದೆ ಅವಳು ಪ್ರತಿ ಸಲವೂ “ದಾರಿ ಸರಿಪಡಿಸಿದೆ” ಎಂದಷ್ಟೇ ಬರೆದು ಬಿಡುತ್ತಿದ್ದಳು.

ತಂಡದ ಮ್ಯಾನೇಜರಿಗೆ ತನ್ನ ಕೋಡಿನ ಗುಣ ತಿಳಿಯಬೇಕೆನಿಸಿತು. ಅವನು ಹೊರಗಿನಿಂದ ಒಬ್ಬ ಪರೀಕ್ಷಕನನ್ನು ಕರೆಸಿದ. ಪರೀಕ್ಷಕ ಪ್ರಾಮಾಣಿಕ. ತಂಡದಲ್ಲಿ ಯಾರ ಪರಿಚಯವೂ ಅವನಿಗಿರಲಿಲ್ಲ. ಅದೇ ಒಳ್ಳೆಯದೆಂದು ತಿಳಿದ. ಪರಿಚಯವಾದರೆ ದಾಕ್ಷಿಣ್ಯ ಬರುತ್ತದೆ ಎಂಬುದು ಅವನ ಎಣಿಕೆ. ಇತಿಹಾಸವನ್ನಷ್ಟೇ ಓದಿದ. ಪದೇ ಪದೇ ಸರಿಪಡಿಸಬೇಕಾಗಿ ಬರುವ ಫೈಲಿನಲ್ಲಿ ಏನೋ ಕೊರತೆಯಿದೆ ಎಂಬುದು ಅವನು ಕಲಿತ ಸೂತ್ರ. ಸೂತ್ರ ಸುಳ್ಳಲ್ಲ. ಅವನು ಎಲ್ಲ ಫೈಲುಗಳ ಒಂದು ಚಿತ್ರ ಬರೆದು, ಹೆಚ್ಚು ಬದಲಾದದ್ದಕ್ಕೆ ಕೆಂಪು ಬಣ್ಣ, ಬದಲಾಗದ್ದಕ್ಕೆ ಹಸಿರು ಬಣ್ಣ ಕೊಟ್ಟ. ದಾರಿ ಆರಿಸುವ ಫೈಲು ಕಡುಗೆಂಪಾಗಿ ಕಂಡಿತು.

ಮ್ಯಾನೇಜರ್ ಆ ಚಿತ್ರವನ್ನು ಎಲ್ಲರ ಮುಂದೆ ತೋರಿಸಿದ. ಯಾರ ಹೆಸರನ್ನೂ ಎತ್ತಲಿಲ್ಲ. ಕೆಂಪು ಕಡಿಮೆಯಾಗಬೇಕು ಎಂದಷ್ಟೇ ಹೇಳಿದ. ಆದರೂ ಎಲ್ಲರೂ ಒಮ್ಮೆ ಫರ್ಜಾನಾಳ ಕಡೆ ನೋಡಿದರು. ಅವಳು ಏನೋ ಹೇಳಹೊರಟವಳು, ಹೇಳಿದರೆ ನೆಪ ಹೂಡಿದಂತಾಗುತ್ತದೆ ಎಂದು ಸುಮ್ಮನಾದಳು.

ಅಂದಿನಿಂದ ಕೆಲಸದ ರೀತಿ ಬದಲಾಯಿತು. ಕಂಟ್ರೋಲ್ ರೂಮಿನಿಂದ ಫೋನ್ ಬಂದರೆ ಅವಳು ಫೈಲು ತೆರೆದು ನೋಡಿ, ಮುಚ್ಚಿಬಿಡುತ್ತಿದ್ದಳು. ಮುಂದಿನ ವಾರ ನೋಡೋಣ ಎನ್ನುತ್ತಿದ್ದಳು. ಮುಂದಿನ ವಾರವೂ ಅದೇ ಮಾತು. ತಂಡದ ಬೇರೆಯವರು ಆ ಫೈಲಿನ ಹತ್ತಿರವೇ ಸುಳಿಯಲಿಲ್ಲ. ಬರಬರುತ್ತಾ ಕಂಟ್ರೋಲ್ ರೂಮಿನವರು ಫೋನ್ ಮಾಡುವುದನ್ನೇ ಬಿಟ್ಟರು.

ಮರುವರ್ಷ ಪರೀಕ್ಷಕ ಮತ್ತೆ ಬಂದ. ಚಿತ್ರವೆಲ್ಲ ಹಸಿರು. ಕೋಡಿನ ಗುಣ ಬಹಳ ಸುಧಾರಿಸಿದೆ ಎಂದು ವರದಿ ಬರೆದ. ಮ್ಯಾನೇಜರ್ ಅವನ ಕೈ ಕುಲುಕಿದ. ಸಂತೋಷದಲ್ಲಿ ಪರೀಕ್ಷಕನಿಗೆ, ಈ ಸಾಫ್ಟ್‌ವೇರ್ ಬಳಸುವವರನ್ನೂ ಒಮ್ಮೆ ನೋಡಿಕೊಂಡು ಹೋಗೋಣ ಎನಿಸಿತು. ಕಂಟ್ರೋಲ್ ರೂಮಿಗೆ ಹೋದ.

ಅಲ್ಲಿ ಫೋನ್ ಎತ್ತುವ ಹೆಂಗಸೊಬ್ಬರು ಪರದೆಯ ಮೇಲಿನ ದಾರಿಯನ್ನು ನೋಡಿದರು. ಆಮೇಲೆ ಡ್ರೈವರಿಗೆ ಫೋನ್ ಮಾಡಿ ಬೇರೆಯೇ ದಾರಿ ಹೇಳಿದರು. ಪರೀಕ್ಷಕ ಏಕೆಂದು ಕೇಳಿದ.

“ಇದು ತೋರಿಸೋ ದಾರೀಲಿ ಈಗ ಯಾರೂ ಹೋಗೋದಿಲ್ಲ ಸರ್. ಹಳಬರಿಗೆಲ್ಲ ಗೊತ್ತು. ಹೊಸದಾಗಿ ಸೇರಿದವರಿಗೆ ಗೊತ್ತಿರೋದಿಲ್ಲ.”

ನಡೆದ ಸಂಗತಿಯನ್ನು ಆಕೆಯೇ ಹೇಳಿದರು. ಆ ತಿಂಗಳು ಹೊಸಬನೊಬ್ಬ ಕೆಲಸಕ್ಕೆ ಸೇರಿದ್ದ. ಒಬ್ಬ ದರ್ಜಿಗೆ ಎದೆನೋವು ಬಂದಿದೆ ಎಂದು ಅವನ ಹೆಂಡತಿ ಫೋನ್ ಮಾಡಿದಳು. ಹೊಸಬ ಪರದೆ ಹೇಳಿದ ಹಾಗೆ ಗಾಡಿ ಕಳುಹಿಸಿದ. ಆ ದಾರಿಯ ಸೇತುವೆಯನ್ನು ರಿಪೇರಿಗೆಂದು ಮುಚ್ಚಿ ಬಹಳ ದಿನವಾಗಿತ್ತು. ಗಾಡಿ ಅಲ್ಲಿಯವರೆಗೆ ಹೋಗಿ, ತಿರುಗಿಸಿಕೊಂಡು, ಊರು ಸುತ್ತಿ ಬರುವಷ್ಟರಲ್ಲಿ ದರ್ಜಿ ತೀರಿಕೊಂಡಿದ್ದ. ಹೊಸಬ ಕೆಲಸ ಬಿಟ್ಟುಹೋದ.

ಪರೀಕ್ಷಕ ಅಲ್ಲಿಂದ ಎದ್ದು ಫರ್ಜಾನಾ ಕುಳಿತಿದ್ದಲ್ಲಿಗೆ ಬಂದ. ಅವಳೊಂದಿಗೆ ಅವನು ಮಾತಾಡಿದ್ದು ಅದೇ ಮೊದಲು. ಸೇತುವೆ ಮುಚ್ಚಿರುವುದು ಗೊತ್ತಿತ್ತೇ ಎಂದು ಕೇಳಿದ.

“ಗೊತ್ತಿತ್ತು,” ಎಂದಳು. “ಫೈಲು ತೆರೆದೂ ಇದ್ದೆ. ಮುಟ್ಟಿದರೆ ನನ್ನ ಹೆಸರು ಬರುತ್ತದೆ, ಮುಟ್ಟದಿದ್ದರೆ ಯಾರ ಹೆಸರೂ ಬರುವುದಿಲ್ಲ ಅಂತ ಮುಚ್ಚಿದೆ. ಆ ದರ್ಜಿಯ ಅಂಗಡಿ ಇರುವ ಬೀದಿಯಲ್ಲಿ ಈಗ ನನಗೆ ನಡೆದಾಡಲು ಆಗುವುದಿಲ್ಲ.”

ಪರೀಕ್ಷಕ ಅವಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತ. ಹಳೆಯ ತಿದ್ದುಪಡಿಗಳನ್ನು ಒಂದೊಂದಾಗಿ ತೆರೆದು, ಇದು ಏಕೆ, ಇದು ಏಕೆ ಎಂದು ಕೇಳುತ್ತಾ ಹೋದ. ಅವಳು ನೆನಪಿದ್ದಷ್ಟು ಹೇಳಿದಳು. ಹೆಚ್ಚಿನವಕ್ಕೆ ಕಾರಣ ಒಂದೋ ಅಗೆದ ರಸ್ತೆ, ಇಲ್ಲವೇ ಸಂತೆ ನೆರೆದ ಬೀದಿ. ಆಗ ಇಬ್ಬರಿಗೂ ನಿಜವಾದ ಕೊರತೆ ಕಂಡಿತು. ಊರಿನ ರಸ್ತೆಗಳನ್ನೆಲ್ಲ ಕೋಡಿನೊಳಗೇ ಬರೆದಿಟ್ಟಿದ್ದರು. ಊರು ಬದಲಾದಾಗಲೆಲ್ಲ ಕೋಡನ್ನೇ ತಿದ್ದಬೇಕಾಗಿತ್ತು. ಆ ಕೆಂಪು ಬಣ್ಣ ತೋರಿಸಿದ ಜಾಗ ಸರಿಯಾಗಿಯೇ ಇತ್ತು. ಅಲ್ಲಿ ಏನಿದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಅವರು ರಸ್ತೆಗಳನ್ನು ಕೋಡಿನಿಂದ ಹೊರಗೆ ತೆಗೆದರು. ಯಾವ ರಸ್ತೆ ಮುಚ್ಚಿದೆ ಎಂದು ಕಂಟ್ರೋಲ್ ರೂಮಿನವರೇ ತಮ್ಮ ಪರದೆಯ ಮೇಲೆ ಗುರುತು ಹಾಕುವಂತೆ ಮಾಡಿದರು. ಪರೀಕ್ಷಕ ಮ್ಯಾನೇಜರನ ಬಳಿ ಹೋಗಿ ತನ್ನ ಎರಡನೆಯ ವರದಿ ತಪ್ಪು ಎಂದ. ಅಂದು ಚಿತ್ರ ತೋರಿಸಿದ ಹಾಗೆಯೇ ಇದನ್ನೂ ಎಲ್ಲರ ಮುಂದೆ ಹೇಳಬೇಕೆಂದು ಪಟ್ಟುಹಿಡಿದ. ಮ್ಯಾನೇಜರಿಗೆ ಅದು ಹಿಡಿಸಲಿಲ್ಲ, ಆದರೂ ಸಭೆ ಕರೆದ. ಗಾಡಿಗಳು ಮತ್ತೆ ಹೊತ್ತಿಗೆ ಸರಿಯಾಗಿ ತಲುಪತೊಡಗಿದವು. ದರ್ಜಿಯ ಹೆಂಡತಿಗೆ ಮಾತ್ರ ಅದರಿಂದ ಏನೂ ಮರಳಿ ಬರಲಿಲ್ಲ.

ಮುಂದಿನ ವರ್ಷ ಆ ಫೈಲಿಗೆ ಯಾರೂ ಕೈಹಾಕಬೇಕಾಗಿ ಬರಲಿಲ್ಲ. ಚಿತ್ರ ಆ ಸಲವೂ ಹಸಿರಾಗಿಯೇ ಬಂತು.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು. ಇಂದುಮತಿ ಕೇಳಿದಳು:

“ಹೆದರಿ ಬಿಟ್ಟ ವರ್ಷವೂ ಹಸಿರು, ಸರಿಯಾದ ವರ್ಷವೂ ಹಸಿರು. ಹಾಗಾದರೆ ಯಾವುದು ಯಾವ ಹಸಿರು ಎಂದು ಪರೀಕ್ಷೆ ಮಾಡುವವರಿಗೆ ತಿಳಿಯುವುದು ಹೇಗೆ, ಗುರುಗಳೇ?”

ಮೇಷ್ಟ್ರು ಅವಳನ್ನು ನೋಡಿ ಹೇಳಿದರು:

“ನಿನ್ನ ವರದಿಯಲ್ಲಿ ಹೆಸರಿದೆಯಲ್ಲ, ಆ ಹುಡುಗನ ದನಿ ಹೇಗಿದೆ, ಹೇಳಮ್ಮ.”

ಇಂದುಮತಿ ವರದಿಯನ್ನು ಪಕ್ಕಕ್ಕಿಟ್ಟು, ಆ ಹುಡುಗನ ನಂಬರ್ ಕೇಳಲು ಕಂಪನಿಗೆ ಫೋನ್ ಮಾಡಿದಳು.