ಯಾವ ಕುದಿಗೆ ಮೈಲಿಗೆ?

ನದಿಯ ದಡದಲ್ಲಿ ಒಂದು ಆಶ್ರಮವಿತ್ತು. ಅಲ್ಲಿಯ ಜಾಮು ಸುತ್ತಮುತ್ತ ಹೆಸರುವಾಸಿ. ಅದಕ್ಕೆ ಹಣ್ಣು ತರುವವಳ ಹೆಸರು ಮಾತ್ರ ಯಾವ ಭಕ್ತನಿಗೂ ಗೊತ್ತಿರಲಿಲ್ಲ.

ಅವಳ ಹೆಸರು ದುರುಗವ್ವ.

ಗುಡ್ಡದ ಮುಳ್ಳುಪೊದೆಗೆ ಕೈ ಹಾಕಿ ಕವಳೆ ಹಣ್ಣು ಕೀಳುತ್ತಿದ್ದಳು. ಹಳ್ಳದ ದಂಡೆಯಲ್ಲಿ ನೇರಳೆ ಆರಿಸುತ್ತಿದ್ದಳು. ಬೇಲಿಯ ಹಿಪ್ಪುನೇರಳೆ ಬಿಡಿಸುತ್ತಿದ್ದಳು. ಆಶ್ರಮದ ಅಂಗಳದಲ್ಲಿ ಕೂತು ಎಲ್ಲವನ್ನೂ ತೊಳೆದು, ಸೀಳಿ, ಬೀಜ ತೆಗೆಯುತ್ತಿದ್ದಳು. ಕವಳೆಯ ಹಾಲಿಗೆ ಬೆರಳಿಗೆ ಬೆರಳು ಅಂಟಿಕೊಳ್ಳುತ್ತಿತ್ತು. ಇದಕ್ಕೆ ಆಶ್ರಮದವರು ಸೇವೆ ಎಂದು ಹೆಸರಿಟ್ಟಿದ್ದರು. ಸೇವೆ ಎಂದರೆ ಕೂಲಿ ಕೊಡಬೇಕಾಗಿಲ್ಲ.

ಅಂಗಳದವರೆಗೆ ಅವಳು. ಹೊಸ್ತಿಲಿನ ಒಳಗೆ, ಒಲೆಯ ಮುಂದೆ, ಶಿಷ್ಯ ತ್ರಯಂಬಕ.

ಗುರುಪೂರ್ಣಿಮೆಯ ಹಿಂದಿನ ದಿನ ಕೊಪ್ಪರಿಗೆ ತುಂಬ ಜಾಮು ಕುದಿಯುತ್ತಿತ್ತು. ಆ ವರ್ಷದ ಹಣ್ಣೆಲ್ಲ ಅದರಲ್ಲೇ ಇತ್ತು. ಸಕ್ಕರೆ ಬಿದ್ದಾಗಿತ್ತು. ಸಕ್ಕರೆ ಬಿದ್ದ ಮೇಲೆ ಕೈಯಾಡಿಸುವುದನ್ನು ನಿಲ್ಲಿಸುವ ಹಾಗಿಲ್ಲ.

ಹೊರಗೆ ಕಾರು ಹಾರ್ನ್ ಹೊಡೆಯಿತು. ದೊಡ್ಡ ಭಕ್ತರು. ತ್ರಯಂಬಕ ಸೌಟು ಬಿಟ್ಟು ಹಾರ ಹಿಡಿದು ಓಡಿದ.

ಜಾಮು ಗಟ್ಟಿಯಾಯಿತು. ಹೊತ್ತಿದ ವಾಸನೆ ಅಂಗಳಕ್ಕೆ ಬಂತು.

"ಸ್ವಾಮೇರೆ, ತಳ ಹಿಡೀತಾ ಐತೆ!" ದುರುಗವ್ವ ಕೂಗಿದಳು.

ಯಾರೂ ಬರಲಿಲ್ಲ. ಮತ್ತೆ ಕೂಗಿದಳು. ಗೇಟಿನ ಹತ್ತಿರ ನಗು ಕೇಳಿಸಿತು, ಅಷ್ಟೆ.

ಅವಳು ಹೊಸ್ತಿಲು ದಾಟಿದಳು. ಉರಿಯುವ ಕಟ್ಟಿಗೆ ಹೊರಗೆಳೆದಳು. ಸೌಟು ಹಿಡಿದು ತಳದಿಂದ ಕೆದಕಿದಳು. ಒಂದು ಕುದಿಗುಳ್ಳೆ ಸಿಡಿದು ಮಣಿಕಟ್ಟಿನ ಮೇಲೆ ಬಿತ್ತು. ಚರ್ಮ ಬೊಬ್ಬೆ ಎದ್ದಿತು. ಅವಳು ಕೈ ನಿಲ್ಲಿಸಲಿಲ್ಲ.

ತ್ರಯಂಬಕ ವಾಪಸು ಬಂದ.

"ಏಯ್! ನಿನ್ನ ಒಳಗೆ ಬಿಟ್ಟಿದ್ದು ಯಾರು?"

"ಹೊಗೆ ಕರೀತು. ಬಂದೆ."

"ಸೌಟು ಮುಟ್ಟಿಬಿಟ್ಟೆಯಲ್ಲೇ! ಇಡೀ ಕೊಪ್ಪರಿಗೆ ಹಾಳು!"

"ಹಾಳಾಗ್ತಿತ್ತು. ಈಗ ಉಳೀತು. ನೋಡ್ರಿ ಇಲ್ಲಿ."

ತಣ್ಣನೆಯ ತಟ್ಟೆಗೆ ಒಂದು ತೊಟ್ಟು ಹಾಕಿ ಬೆರಳಲ್ಲಿ ಗೆರೆ ಎಳೆದಳು. ಗೆರೆ ಕೂಡಲಿಲ್ಲ. ಹದ ಬಂದಿತ್ತು.

"ತಟ್ಟೇನೂ ಮುಟ್ಟಿದಳು!" ತ್ರಯಂಬಕ ತಲೆ ಹಿಡಿದುಕೊಂಡ. "ಇದನ್ನ ಹೊಳೆಗೇ ಸುರೀಬೇಕು."

"ಸುರೀರಿ. ಮೀನಿಗೆ ಮೈಲಿಗೆ ಆಗಲ್ವಾ?"

ಗಲಾಟೆಗೆ ಗುರು ಎದ್ದು ಬಂದರು. ಮುದುಕರು. ಈ ಆಶ್ರಮದಲ್ಲಿ ಜಾತಿ ಇಲ್ಲ ಎಂದು ಪ್ರತಿ ಸೋಮವಾರ ಪ್ರವಚನದಲ್ಲಿ ಹೇಳುವವರು.

ತ್ರಯಂಬಕ ನಡೆದದ್ದನ್ನು ಹೇಳಿದ. ಗುರು ಕೊಪ್ಪರಿಗೆ ನೋಡಿದರು.

"ಹಣ್ಣು ಕಿತ್ತವರು ಯಾರು?"

"ಅವಳೇ."

"ತೊಳೆದವರು?"

"ಅವಳೇ. ಬೀಜ ತೆಗೆದವಳೂ ಅವಳೇ."

"ಆಗ ಮೈಲಿಗೆ ಆಗಲಿಲ್ಲವೋ?"

"ಅದು ಹಸಿ ಹಣ್ಣು, ಗುರುಗಳೇ. ಹಸಿಗೆ ದೋಷವಿಲ್ಲ. ಬೆಂದದ್ದಕ್ಕೆ ಇದೆ. ಹಿಂದಿನಿಂದ ಬಂದ ಪದ್ಧತಿ."

"ಒಲೆಗೆ ಇಟ್ಟ ಕೂಡಲೇ ಬೆಂದಿತೇ?"

"ಇಲ್ಲ. ಕುದಿ ಬರಬೇಕು."

"ಮೊದಲನೇ ಕುದಿಗೋ, ಎರಡನೇ ಕುದಿಗೋ? ನೀನು ಒಲೆ ಮುಂದೆ ಕೂತಿದ್ದವನು. ಯಾವ ಕುದಿಗೆ ಮೈಲಿಗೆ ಒಳಗೆ ಬಂತು, ಹೇಳು."

ತ್ರಯಂಬಕ ಕೊಪ್ಪರಿಗೆಯೊಳಗೆ ಇಣುಕಿದ.

"ಬರುವಾಗ ನೋಡಲಿಲ್ಲ. ಬಂದ ಮೇಲೆ ಮಾತ್ರ ಹೇಗೆ ಕಂಡಿತು ನಿನಗೆ?"

ಗುರುವಿನ ಮುಖದಲ್ಲಿ ಸಣ್ಣ ನಗು ಬಂತು. ಅವರು ದುರುಗವ್ವನ ಕಡೆ ತಿರುಗಿ ಕೈ ಚಾಚಿದರು.

"ಒಂದು ಚಮಚ ಕೊಡು ತಾಯಿ. ನಿನ್ನ ಕೈಯಿಂದಲೇ ತಿನ್ನುತ್ತೇನೆ. ಇವನು ನೋಡಲಿ."

ದುರುಗವ್ವ ಸೌಟು ಕೆಳಗಿಟ್ಟಳು.

"ಯಾಕೆ? ತಿಂದು ನೀವು ದೊಡ್ಡೋರಾಗಾಕಾ?"

ಗುರುವಿನ ನಗು ನಿಂತಿತು.

"ಏಯ್, ಯಾರ ಹತ್ರ ಮಾತಾಡ್ತಿದೀಯ!" ತ್ರಯಂಬಕ ಮುಂದೆ ನುಗ್ಗಿದ.

"ನೀ ಸುಮ್ಕಿರಪ್ಪ. ನಿಂಗೆ ನನ್ನ ಕಂಡ್ರೆ ಆಗಲ್ಲ, ಅದನ್ನ ಬಾಯಿಬಿಟ್ಟು ಹೇಳ್ತೀಯ. ನಂಗೆ ಸಿಟ್ಟಿರೋದು ಇವರ ಮೇಲೆ." ಅವಳು ಗುರುವಿನ ಕಡೆ ತಿರುಗಿದಳು. "ಜಾತಿ ಇಲ್ಲ ಅಂತೀರಿ. ನಾನು ಅಂಗಳದಾಗೆ ಕೂತು ಕೇಳಿದೀನಿ. ನಾನ್ಯಾಕೆ ಅಂಗಳದಾಗೇ ಕೂತೀನಿ ಅಂತ ಒಂದಿನ ಕೇಳಿದ್ರಾ? ನಾನು ತಂದಿದ್ದನ್ನ ರೊಟ್ಟಿಗೆ ಸವರಿಕೊಂಡು ತಿಂದ್ರಿ. ಇದನ್ನ ತಂದೋಳಿಗೆ ಒಂದು ರೊಟ್ಟಿ ಎಲ್ಲಿ ಅಂತ ಕೇಳಿದ್ರಾ?"

ಗುರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು.

"ಈಗ ಒಂದು ಚಮಚ ತಿಂತೀರಿ. ಊರೆಲ್ಲ ಅಡ್ಡಬೀಳ್ತೈತೆ. ಆಹಾ, ಎಂಥ ಗುರುಗಳು ಅಂತೈತೆ. ನಾಡಿದ್ದು ನಾನು ಮತ್ತೆ ಅಂಗಳದಾಗೆ. ಬ್ಯಾಡ ಬಿಡ್ರಿ. ನಿಮ್ಮ ಬಾಯಿಗೆ ನನ್ನ ಜಾಮು ಬ್ಯಾಡ."

"ಹಾಗಾದರೆ ನಿನಗೆ ಏನು ಬೇಕು?" ಗುರು ಕೇಳಿದರು. ದನಿ ಸಣ್ಣದಾಗಿತ್ತು.

"ನನ್ನ ಹಣ್ಣು ನನಗೆ ಕೊಡ್ರಿ."

ತ್ರಯಂಬಕ ನಕ್ಕುಬಿಟ್ಟ. "ಬೆಂದು ಹೋದ ಹಣ್ಣನ್ನು ಎಲ್ಲಿಂದ ತಂದು ಕೊಡೋದು?"

"ಕೊಡು," ಎಂದರು ಗುರು. "ಹೇಗಿದೆಯೋ ಹಾಗೇ ಕೊಡು. ಕೊಪ್ಪರಿಗೆ ಸಮೇತ."

"ಗುರುಗಳೇ! ಅದರಲ್ಲಿ ಆಶ್ರಮದ ಸಕ್ಕರೆ ಇದೆ!"

"ಸಕ್ಕರೆ ನಿನ್ನದೋ? ತೆಗೆದುಕೋ. ಅವಳ ಹಣ್ಣು ಅಂಟದ ಹಾಗೆ ತೆಗಿ."

"ಕೊಪ್ಪರಿಗೆ?"

"ಮೈಲಿಗೆ ಆಗಿದೆ ಅಂದೆಯಲ್ಲ. ನಿನಗೇಕೆ ಅದು?"

"ನನಗೂ ಬ್ಯಾಡ," ಎಂದಳು ದುರುಗವ್ವ. "ನಂದಲ್ಲದ್ದು ನಾನು ಇಟ್ಕಳಲ್ಲ. ತಿಕ್ಕಿ ತೊಳೆದು ತಂದಿಡ್ತೀನಿ. ತೊಳೆದೋಳು ನಾನು ಅಂತ ಆಮೇಲೆ ಬೇಕಾದ್ರೆ ಹೊಳೆಗೆ ಎಸೀರಿ."

ಅವಳು ಅಂಗಳಕ್ಕೆ ಹೋಗಿ ಕೂಗು ಹಾಕಿದಳು. ಹಳ್ಳದ ಕಡೆಯಿಂದ ಮೂವರು ಹೆಂಗಸರು ಬಂದರು. ಅವಳ ಜೊತೆ ಮುಳ್ಳಿಗೆ ಕೈ ಹಾಕಿದವರೇ. ಕೊಪ್ಪರಿಗೆಯ ಕಿವಿಗಳಿಗೆ ಬಿದಿರು ತೂರಿಸಿದರು.

ಗುರು ಬಿದಿರಿನ ಒಂದು ತುದಿಗೆ ಹೆಗಲು ಕೊಡಲು ಬಾಗಿದರು.

"ಸರೀರಿ ಸ್ವಾಮಿ," ಎಂದಳು ಒಬ್ಬಳು. "ಬೊಬ್ಬೆ ಎದ್ದೀತು."

ಉಳಿದವರು ಜೋರಾಗಿ ನಕ್ಕರು. ಗುರು ಸರಿದು ನಿಂತರು.

ಕೊಪ್ಪರಿಗೆ ಒಳಗಿನಿಂದ ಹೊಸ್ತಿಲು ದಾಟಿತು. ಅಂಗಳ ದಾಟಿತು. ಗೇಟಿನಲ್ಲಿ ನಿಂತಿದ್ದ ಕಾರು ಹಿಂದಕ್ಕೆ ಸರಿದು ದಾರಿ ಬಿಡಬೇಕಾಯಿತು.

ತ್ರಯಂಬಕ ಖಾಲಿ ಒಲೆಯ ಮುಂದೆ ಕುಸಿದು ಕೂತ.

"ನಾಳೆ ಗುರುಪೂರ್ಣಿಮೆ. ಭಕ್ತರ ಎಲೆಗೆ ಏನು ಬಡಿಸಲಿ?"

"ಒಣ ರೊಟ್ಟಿ," ಎಂದರು ಗುರು.

"ಜಾಮು ಎಲ್ಲಿ ಅಂತ ಕೇಳಿದರೆ?"

"ಕೇಳಿದವರಿಗೆ ನಡೆದದ್ದನ್ನು ನಡೆದ ಹಾಗೇ ಹೇಳು. ದುರುಗವ್ವನ ಮನೆಯ ದಾರಿ ತೋರಿಸು."

"ಕೇಳದೆ ಇದ್ದರೆ?"

ಗುರು ಹೊಸ್ತಿಲಿನ ಕಡೆ ತಿರುಗಿದರು.

"ಕೇಳದೆ ತಿಂದು ಕೈ ತೊಳೆದವರನ್ನು ನನ್ನ ಪಾದಪೂಜೆಗೆ ಕಳಿಸು. ಅವರು ನನಗೆ ತಕ್ಕ ಶಿಷ್ಯರು."