ದೋಣಿಯ ಕಲ್ಲು, ಬಾಗಿಲಿನ ಬೀಜ

ಹೊಳೆಯ ಆಚೆ ದಡದಲ್ಲಿ ಒಂದು ಆಶ್ರಮವಿತ್ತು. ಅಲ್ಲಿನ ಗುರುವನ್ನು ಎಲ್ಲರೂ ಅಮ್ಮ ಎಂದೇ ಕರೆಯುತ್ತಿದ್ದರು.

ಪರಶಿವ ಅಲ್ಲಿಗೆ ಬಂದಾಗ ಅವನ ಮುಂಗೈಯಲ್ಲಿ ಒಂದು ಸ್ಮಾರ್ಟ್ ವಾಚು, ಮನಸ್ಸಿನಲ್ಲಿ ಒಂದೇ ಚಿಂತೆ.

ಅವನ ತಂಗಿ ಮಂಗಳಾಳ ಎರಡು ಕಿಡ್ನಿಗಳೂ ಸೋತಿದ್ದವು. ಡಯಾಲಿಸಿಸ್‌ನಲ್ಲೇ ಜೀವ ಹಿಡಿದುಕೊಂಡಿದ್ದಳು. ಅಣ್ಣನ ಕಿಡ್ನಿ ಹೊಂದುತ್ತದೆ ಎಂದು ವೈದ್ಯರು ಹೇಳಿದ್ದರು. ಆದರೆ ಇಷ್ಟು ಭಾರದ ಮೈಯಿಂದ ತೆಗೆಯುವುದು ಅಪಾಯ, ದೀಪಾವಳಿಯೊಳಗೆ ತೂಕ ಇಳಿಸಿಕೊಂಡು ಬನ್ನಿ ಎಂದೂ ಹೇಳಿದ್ದರು.

"ಮನೆಯಲ್ಲಿದ್ದರೆ ಬಾಯಿ ಕಟ್ಟಲು ಆಗುವುದಿಲ್ಲ, ಅಮ್ಮ" ಎಂದ.

"ಇಲ್ಲೂ ಅಡುಗೆಮನೆ ಇದೆ" ಎಂದರು ಅಮ್ಮ. "ಆದರೂ ಇರು."

ಕೈಯಲ್ಲಿರುವುದು ಏನು ಎಂದು ಅವರು ಕೇಳಿದರು. ಪರಶಿವ ಉತ್ಸಾಹದಿಂದ ವಿವರಿಸಿದ. ದಿನಕ್ಕೆ ಎಷ್ಟು ಉಣ್ಣಬಹುದು ಎಂದು ಬೆಳಿಗ್ಗೆ ಮೊಬೈಲು ಹೇಳುತ್ತದೆ. ನಡೆದರೆ ಮೈ ಒಂದಿಷ್ಟು ಕ್ಯಾಲೊರಿ ಸುಡುತ್ತದೆ, ಸುಟ್ಟಷ್ಟನ್ನು ಅದು ಊಟದ ಪಾಲಿಗೆ ಸೇರಿಸಿ ಕೊಡುತ್ತದೆ. ಆ ಗೆರೆ ದಾಟದೆ ಉಂಡರೆ ತೂಕ ಇಳಿಯಲೇಬೇಕು.

"ದಾಟುವುದಿಲ್ಲವೋ?"

"ಒಂದು ತುತ್ತೂ ಇಲ್ಲ."

ಅದು ನಿಜವೇ ಆಗಿತ್ತು.

ಪ್ರತಿ ಮುಂಜಾನೆ ಅವನು ಹೊಳೆಯ ದಂಡೆಗುಂಟ ಅರಳಿಕಟ್ಟೆಯವರೆಗೆ ಬಿರುಸಾಗಿ ನಡೆದು ಬರುತ್ತಿದ್ದ. ಬಂದು ಕಲ್ಲುಚಪ್ಪಡಿಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ಆಮೇಲೆ ಮೊಬೈಲು ತೆಗೆದು ಅಂದಿನ ನಡಿಗೆಯನ್ನು ತನ್ನ ಕೈಯಾರೆ ಬರೆಯುತ್ತಿದ್ದ. ಊಟದ ಪಾಲು ಏರುತ್ತಿತ್ತು. ಅವನ ಮುಖ ಅರಳುತ್ತಿತ್ತು.

ಅಡುಗೆಯ ದೇವೀರಮ್ಮ ಬಡಿಸುವಾಗ ಕೆಣಕುತ್ತಿದ್ದಳು. "ಮೊಬೈಲು ಏನಂತು ಪರಶಿವಣ್ಣ? ಇವತ್ತು ಕಜ್ಜಾಯಕ್ಕೆ ಅಪ್ಪಣೆ ಆಯ್ತಾ?"

"ಆಯಿತು, ಒಂದಕ್ಕೆ."

"ತುಪ್ಪಕ್ಕೆ?"

ಅವನು ಮೊಬೈಲು ನೋಡಿ, ಅರ್ಧ ಚಮಚ ಎನ್ನುತ್ತಿದ್ದ. ಅರ್ಧ ಚಮಚವೇ ಹಾಕಿಸಿಕೊಳ್ಳುತ್ತಿದ್ದ.

ಊರಿನ ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುವ ತಕ್ಕಡಿಯಿತ್ತು. ಆಗಾಗ ಹೊಳೆ ದಾಟಿ ಹೋಗಿ ಅದರ ಮೇಲೆ ನಿಲ್ಲುತ್ತಿದ್ದ. ತೂಕ ಅಲ್ಲಾಡಲಿಲ್ಲ. ತಕ್ಕಡಿ ಕೆಟ್ಟಿದೆ ಎಂದ. ಗಿರಣಿಯವನು ಒಂದು ಅಕ್ಕಿ ಮೂಟೆ ಇಟ್ಟು ತೋರಿಸಿದ. ಮೂಟೆ ಸರಿಯಾಗಿಯೇ ತೂಗಿತು.

ಶ್ರಾವಣ ಕಳೆಯಿತು. ಭಾದ್ರಪದವೂ ಮುಗಿಯುತ್ತ ಬಂತು.

ಒಂದು ಸಂಜೆ ಮಂಗಳಾ ಫೋನು ಮಾಡಿದಳು. ಅವಳ ದನಿ ಸಣ್ಣಗಾಗಿತ್ತು. "ಆಗದಿದ್ರೆ ಬಿಡು ಅಣ್ಣ. ನೀನು ಮೈ ಕೆಡಿಸ್ಕೋಬೇಡ" ಎಂದಳು.

ಪರಶಿವ ನೇರವಾಗಿ ಅಮ್ಮನ ಬಳಿಗೆ ಬಂದ. ಮೆಟ್ಟಿಲ ಮೇಲೆ ಕುಸಿದು ಕೂತ.

"ನಾಳೆಯಿಂದ ಅನ್ನವನ್ನೇ ಬಿಡುತ್ತೇನೆ."

"ಅನ್ನ ಏನು ತಪ್ಪು ಮಾಡಿತು?"

"ಮತ್ತೆ ಯಾರದು ತಪ್ಪು? ನಡೆಯುವುದು ಬಿಟ್ಟಿಲ್ಲ. ಗೆರೆ ದಾಟಿಲ್ಲ. ನನ್ನ ಮೈಯೇ ನನ್ನ ತಂಗಿಗೆ ಶತ್ರುವಾಗಿದೆ."

ಅಮ್ಮ ಅವನ ಮುಂಗೈ ಹಿಡಿದು ವಾಚನ್ನು ನೋಡಿದರು.

"ನೀನು ನಡೆದದ್ದನ್ನು ಇದು ಮೊಬೈಲಿಗೆ ಹೇಳುತ್ತದೆಯೋ?"

"ಹೇಳುತ್ತದೆ. ಆಗಿಂದಾಗಲೇ."

"ಮತ್ತೆ ಬೆಳಿಗ್ಗೆ ಕಲ್ಲಿನ ಮೇಲೆ ಕೂತು ನೀನು ಬರೆಯುವುದು?"

"ಅದೂ ನಡಿಗೆಯೇ. ವಾಚಿಗೆ ಕಾಲು ಅಲುಗಿದ್ದು ಗೊತ್ತಾಗುತ್ತದೆ, ಅಮ್ಮ. ನಾನು ಪಟ್ಟ ಕಷ್ಟ ಗೊತ್ತಾಗುವುದಿಲ್ಲ. ಅದಕ್ಕೇ ನಾನೂ ಒಮ್ಮೆ ಹೇಳಿಬಿಡುತ್ತೇನೆ."

ಅಮ್ಮ ಕೈ ಬಿಟ್ಟರು.

"ನಾಳೆ ಅಮಾವಾಸ್ಯೆ. ಅಡುಗೆಮನೆಯಲ್ಲಿ ನನ್ನ ಜೊತೆ ನಿಲ್ಲು."

ಅಮಾವಾಸ್ಯೆಯ ದಿನ ಸುತ್ತಲ ಊರಿನವರು ಆಶ್ರಮಕ್ಕೆ ಊಟಕ್ಕೆ ಬರುತ್ತಿದ್ದರು. ಹೊಳೆ ದಾಟದೆ ಅಲ್ಲಿಗೆ ಬರಲು ಬೇರೆ ದಾರಿ ಇರಲಿಲ್ಲ.

ಹಿಂದಿನಿಂದ ಒಂದು ಪದ್ಧತಿಯಿತ್ತು. ಅಂಬಿಗ ಸಿದ್ದಣ್ಣ ದೋಣಿಯಿಂದ ಇಳಿಸಿದ ತಲೆಗೊಂದರಂತೆ ಗಡಿಗೆಯಲ್ಲಿ ಒಂದು ಬೆಣಚುಕಲ್ಲು ಹಾಕುತ್ತಿದ್ದ. ಸಂಜೆ ಅಷ್ಟೂ ಜನರನ್ನು ತಿರುಗಿ ದಾಟಿಸಬೇಕಲ್ಲ, ಯಾರೂ ಆಶ್ರಮದ ದಡದಲ್ಲಿ ಉಳಿಯಬಾರದು. ಆಶ್ರಮದ ಬಾಗಿಲಲ್ಲಿ, ಒಳಗೆ ಕಾಲಿಟ್ಟ ತಲೆಗೊಂದರಂತೆ ಬಟ್ಟಲಿಗೆ ಒಂದು ಹುಣಸೆ ಬೀಜ ಬೀಳುತ್ತಿತ್ತು. ದೇವೀರಮ್ಮ ಬೀಜಕ್ಕೊಂದು ತೆಂಗಿನ ಚಿಪ್ಪಿನಂತೆ ಅಕ್ಕಿ ಅಳೆದು ಹಂಡೆಗೆ ಸುರಿಯುತ್ತಿದ್ದಳು.

ಅಂದು ಎಲ್ಲರೂ ಬಂದು ಕೂತರು. ಬೀಜದ ಬಟ್ಟಲು ಒಳಗೆ ಬಂತು. ದೇವೀರಮ್ಮ ಅಕ್ಕಿಯ ಚೀಲ ಬಿಚ್ಚಿದಳು.

"ತಡಿ" ಎಂದರು ಅಮ್ಮ. ಸಿದ್ದಣ್ಣನ ಗಡಿಗೆಯನ್ನೂ ತರಿಸಿ, ಬಟ್ಟಲಿನ ಪಕ್ಕದಲ್ಲಿ ಇಟ್ಟರು. "ಬೀಜಕ್ಕೊಂದು ಚಿಪ್ಪು ಹಾಕು. ಆಮೇಲೆ ಕಲ್ಲಿಗೊಂದು ಚಿಪ್ಪು ಹಾಕು."

ದೇವೀರಮ್ಮ ಅಮ್ಮನ ಮುಖ ನೋಡಿದಳು. ಅಳೆಯತೊಡಗಿದಳು. ಬೀಜ ಮುಗಿದವು. ಕಲ್ಲಿಗೆ ಕೈ ಹಾಕಿದಳು.

ಪರಶಿವನಿಗೆ ತಡೆಯಲಾಗಲಿಲ್ಲ. ನಕ್ಕುಬಿಟ್ಟ.

"ಏನಮ್ಮ ಇದು. ದೋಣಿಯಲ್ಲಿ ಬಂದವರೇ ತಾನೆ ಬಾಗಿಲಿಗೂ ಬಂದದ್ದು?"

"ದೋಣಿಯಲ್ಲಿ ಬಂದದ್ದು ನಿಜವೋ ಸುಳ್ಳೋ?"

"ನಿಜ."

"ಬಾಗಿಲಿಗೆ ಬಂದದ್ದು?"

"ಅದೂ ನಿಜ. ಆದರೆ ಬಂದವರು ಅವರೇ, ಅಮ್ಮ. ಎಣಿಸಿದ್ದು ಎರಡು ಕಡೆ. ಹೊಟ್ಟೆ ಒಂದೊಂದೇ ತಾನೆ?"

ಅಮ್ಮ ಅವನ ಮುಂಗೈಯನ್ನೇ ನೋಡುತ್ತ ನಿಂತರು.

ಪರಶಿವನೂ ನೋಡಿಕೊಂಡ. ಅವನ ನಗು ನಿಂತಿತು.

ಮೆಲ್ಲಗೆ ಮೊಬೈಲು ತೆಗೆದ. ಬೆಳಿಗ್ಗೆ ಕಲ್ಲಿನ ಮೇಲೆ ಕೂತು ತಾನು ಬರೆದದ್ದನ್ನು ಅಳಿಸಿದ. ಊಟದ ಪಾಲು ಸರ್ರನೆ ಕೆಳಗಿಳಿಯಿತು. ಅದರ ಕೆಳಗೆ, ವಾಚು ಹೇಳಿದ ಅದೇ ನಡಿಗೆ ಹಾಗೇ ಇತ್ತು.

"ಒಂದು ನಡಿಗೆಗೆ ಎರಡು ಸಲ ಉಣ್ಣುತ್ತಿದ್ದೆ" ಎಂದ.

ದೇವೀರಮ್ಮ ಕೈಯಲ್ಲಿದ್ದ ಕಲ್ಲನ್ನು ಮತ್ತೆ ಗಡಿಗೆಗೆ ಹಾಕಿದಳು. "ಬದುಕ್ದೆ. ಇಲ್ದಿದ್ರೆ ಮಿಕ್ಕಿದ್ದನ್ನೆಲ್ಲ ಹೊಳೆ ಮೀನಿಗೆ ಹಾಕ್ಬೇಕಿತ್ತು."

ಅಂದು ಪರಶಿವನ ಎಲೆಯಲ್ಲಿ ಕಜ್ಜಾಯ ಇರಲಿಲ್ಲ.

ಮರುದಿನವೂ ಅವನು ನಡೆದ. ಬಂದು ಕಲ್ಲಿನ ಮೇಲೆ ಕೂತ. ಬೆರಳು ತಾನಾಗಿ ಮೊಬೈಲಿನ ಕಡೆ ಹೋಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಹೊಳೆ ನೋಡುತ್ತ ಕೂತ.

ಕೆಲವು ದಿನ ಕಳೆದ ಮೇಲೆ ಅಮ್ಮನಿಗೆ ಹೇಳಿದ. "ಊಟಕ್ಕೆ ಮುಂಚೆ ಹಸಿವಾಗುತ್ತದೆ, ಅಮ್ಮ."

"ಆಗಲಿ. ಪಾಪ, ಅದೂ ಬಹಳ ದಿನದಿಂದ ನಿನ್ನನ್ನು ನೋಡಲು ಕಾಯುತ್ತಿತ್ತು."

ಗಿರಣಿಯ ತಕ್ಕಡಿ ಅಲ್ಲಾಡಿತು. ಮೊದಲು ಸ್ವಲ್ಪ, ಆಮೇಲೆ ಇನ್ನೂ ಸ್ವಲ್ಪ. ಗಿರಣಿಯವನು ಈ ಸಲ ತಾನೇ ತಕ್ಕಡಿ ಕೆಟ್ಟಿರಬೇಕು ಎಂದು ತಮಾಷೆ ಮಾಡಿದ. "ಮೂಟೆ ಇಟ್ಟು ನೋಡಿ" ಎಂದ ಪರಶಿವ.

ದೀಪಾವಳಿಗೆ ಮುಂಚೆ ವೈದ್ಯರು ಒಪ್ಪಿದರು. ಹೊರಡುವ ದಿನ ಅವನು ಅಮ್ಮನ ಕಾಲಿಗೆ ನಮಸ್ಕರಿಸಿದ. ಅಮ್ಮ ಅವನ ತಲೆಯ ಮೇಲೆ ಕೈಯಿಟ್ಟು, ತಂಗಿಯನ್ನು ಕರೆದುಕೊಂಡು ಬಾ ಎಂದಷ್ಟೇ ಹೇಳಿದರು.

ಯುಗಾದಿಯ ಅಮಾವಾಸ್ಯೆಯಂದು ಅಣ್ಣ ತಂಗಿ ಇಬ್ಬರೂ ಸಿದ್ದಣ್ಣನ ದೋಣಿ ಹತ್ತಿದರು. ಮಂಗಳಾಳ ಕೆನ್ನೆಯಲ್ಲಿ ಬಣ್ಣ ಬಂದಿತ್ತು. ಬಾಯಿಯೂ ಬಂದಿತ್ತು. ದಡ ಬಿಟ್ಟಲ್ಲಿಂದ ದಡ ಮುಟ್ಟುವವರೆಗೆ ಅವಳು ಅಣ್ಣನ ಕತೆಯನ್ನೇ ಹೇಳಿದಳು: ಅವನು ನಡೆದದ್ದು, ಬಾಯಿ ಕಟ್ಟಿದ್ದು, ತನಗಾಗಿ ಮೈ ಕುಯ್ಯಿಸಿಕೊಂಡದ್ದು. ಪರಶಿವ ನೀರು ನೋಡುತ್ತ ಕೂತಿದ್ದ.

ಬಾಗಿಲಲ್ಲಿ ಅಂದು ಅಮ್ಮನೇ ಬೀಜದ ಬಟ್ಟಲು ಹಿಡಿದು ನಿಂತಿದ್ದರು. ಸಿದ್ದಣ್ಣ ಮುಂದೆ ಬಂದು ಕೈಮುಗಿದ.

"ಈ ತಾಯಿ ನಡುಹೊಳೆಗೆ ಬರೋದ್ರೊಳಗೆ ನಮ್ಮೆಲ್ರ ಕಣ್ಣಲ್ಲೂ ನೀರು ತರಿಸ್ಬಿಟ್ರು, ಅಮ್ಮ. ಎಂಥ ಅಣ್ಣ!"

ಮಂಗಳಾ ಅಮ್ಮನಿಗೆ ನಮಸ್ಕರಿಸಿದಳು. ಅಮ್ಮ ಅವಳ ಕೆನ್ನೆ ಸವರಿ, ಒಂದು ಬೀಜ ಹಾಕಿ ಒಳಗೆ ಕಳಿಸಿದರು. ದೋಣಿಯಲ್ಲಿ ಬಂದವರೂ ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದರು.

ಪರಶಿವ ಮಾತ್ರ ಕಾಲು ತೊಳೆಯುವ ಕಲ್ಲಿನ ಬಳಿ ಹಿಂದೆ ಉಳಿದಿದ್ದ. ಅದೇ ದೋಣಿಯಲ್ಲಿ ಬಂದ ಮುದುಕರೊಬ್ಬರನ್ನು ನಿಲ್ಲಿಸಿಕೊಂಡು, ಅಂಗಿಯ ಅಂಚನ್ನು ಸ್ವಲ್ಪ ಮೇಲೆತ್ತಿದ್ದ.

"ಇಲ್ಲಿಂದ ತೆಗೆದರು ನೋಡಿ. ಸುಲಭದ ಮಾತಲ್ಲ. ದಿನಾ ಬೆಳಿಗ್ಗೆ ಎದ್ದು ನಾನು..."

ಮುದುಕರು ತಾಳ್ಮೆಯಿಂದ ತಲೆದೂಗುತ್ತಿದ್ದರು.

ಅಮ್ಮ ಅವನ ಹೆಸರಿನ ಬೀಜವನ್ನು ಬಟ್ಟಲಿಗೆ ಹಾಕಿದರು.

"ನಿನ್ನ ಕಷ್ಟವನ್ನು ದೋಣಿಯಲ್ಲೇ ಎಣಿಸಿ ಆಯಿತು, ಪರಶಿವ. ಒಳಗೆ ಬಾ, ಅನ್ನ ಆರುತ್ತಿದೆ."